ಅಂಟಿಸುವವನು ಬಿಡಿಸಿದ ನಲವತ್ತು ಚೀಟಿ

ರವಾನೆಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕಚೇರಿಯ ರವಾನೆ ವಿಭಾಗದಲ್ಲಿ ಮೂವತ್ತು ವರ್ಷ ಕೂತ ಮೇಲೆ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಮಿಕ್ಕ ಕಡೆಯೆಲ್ಲ ರವಾನೆಪ್ಪನೇ ಓಡಾಡುತ್ತಿದ್ದ. ಕೆಲಸ ಇಷ್ಟೇ: ಹೊರಗೆ ಹೋಗುವ ಕಾಗದಗಳನ್ನು ಲಕೋಟೆಗೆ ತುಂಬುವುದು, ಲಕೋಟೆಯ ಬಾಯಿ ಮುಚ್ಚುವುದು, ಮೂಲೆಗೆ ಅಂಚೆಚೀಟಿ ಅಂಟಿಸುವುದು. ಒದ್ದೆ ಸ್ಪಂಜಿಗೆ ಚೀಟಿ ತಾಗಿಸಿ ಹೆಬ್ಬೆರಳಿನಿಂದ ಒಂದು ಒತ್ತು ಒತ್ತಿದನೆಂದರೆ ಲಕೋಟೆ ಹರಿದರೂ ಚೀಟಿ ಏಳುತ್ತಿರಲಿಲ್ಲ. ತನ್ನ ಹೆಬ್ಬೆರಳಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಲೋಕದಲ್ಲಿ ಹೆಬ್ಬೆರಳನ್ನು ಹೊಗಳುವವರು ಕಡಿಮೆ.

ಅವನ ಮಗಳು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಪಕ್ಕದ ಮೇಜಿನ ಹುಡುಗನನ್ನು ಮೆಚ್ಚಿ, ಮನೆಯಲ್ಲಿ ಹೇಳಿಯೂ ಆಗಿತ್ತು. ಹುಡುಗನಲ್ಲಿ ಎಣಿಸಲು ಒಂದು ದೋಷವೂ ಇರಲಿಲ್ಲ. ಇದ್ದದ್ದು ಹುಡುಗನ ಅಪ್ಪ. ಅವರು ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಎಲ್ಲರೂ ಅಳತೆ ಸಾಹೇಬರು ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಮಾತು ಕಡಿಮೆ, ನೋಟ ಜಾಸ್ತಿ. "ಅಪ್ಪ ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ" ಎಂದು ಹುಡುಗ ಮೊದಲೇ ಎಚ್ಚರಿಸಿದ್ದ.

ಒಂದು ಭಾನುವಾರ ಅಳತೆ ಸಾಹೇಬರು ಮಗನ ಜೊತೆ ಬಂದರು. ಕುರ್ಚಿಯಲ್ಲಿ ಕೂತು ಕೋಣೆಯ ಉದ್ದ ನೋಡಿದರು, ಅಗಲ ನೋಡಿದರು, ಎತ್ತರ ನೋಡಿದರು. ಚಹಾ ಕುಡಿದರು. ಆಮೇಲೆ ಯಾರಿಗೂ ಮಾತು ಹೊಳೆಯಲಿಲ್ಲ. ಗೋಡೆ ಗಡಿಯಾರ ಒಂದೇ ಮನೆಯ ಮರ್ಯಾದೆ ಕಾಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ರವಾನೆಪ್ಪನ ಹೆಂಡತಿ ಬಾಗಿಲ ಪಕ್ಕದಲ್ಲಿ ನಿಂತು, ಏನಾದರೂ ಒದರಿ ಎಂದು ಕಣ್ಣಲ್ಲೇ ತಿವಿಯುತ್ತಿದ್ದಳು.

ಕೊನೆಗೆ ಅಳತೆ ಸಾಹೇಬರೇ ಕೇಳಿದರು. "ತಮಗೆ ಹವ್ಯಾಸ ಏನಾದ್ರೂ ಇದೆಯಾ?"

ಹವ್ಯಾಸವಿಲ್ಲ ಎಂದರೆ ಬೀಗರ ಮುಂದೆ ಬರಿಗೈಯಲ್ಲಿ ನಿಂತಂತಾಗುತ್ತದೆ ಎಂದು ರವಾನೆಪ್ಪನಿಗೆ ಅನ್ನಿಸಿತು. "ಅಂಚೆಚೀಟಿ" ಎಂದುಬಿಟ್ಟ. "ಮೂವತ್ತು ವರ್ಷದಿಂದ ನನ್ನ ಕೈಯಲ್ಲಿ ಅದೇ."

ನ್ಯಾಯವಾಗಿ ನೋಡಿದರೆ ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅಳತೆ ಸಾಹೇಬರ ಬೆನ್ನು ನೆಟ್ಟಗಾಯಿತು.

"ಮೂವತ್ತು ವರ್ಷ" ಎಂದು ಅವರು ನಿಧಾನವಾಗಿ ಹೇಳಿಕೊಂಡರು. "ನಾನು ನಲವತ್ತು ವರ್ಷದಿಂದ ಕೂಡಿಡ್ತಾ ಇದ್ದೀನಿ. ಒಂದು ವಿಷಯ ಕೇಳ್ಬೇಕು. ತಮ್ಮ ಚೀಟಿಗಳು ಸುರುಟಿಕೊಳ್ಳಲ್ವಾ?"

"ನನ್ನ ಕೈಯಲ್ಲಿ ಸುರುಟೋದಾ?" ಎಂದ ರವಾನೆಪ್ಪ, ಲಕೋಟೆಯ ಮೂಲೆಗಳನ್ನು ಮನಸ್ಸಿನಲ್ಲೇ ನೆನೆದು. "ಇವತ್ತಿನವರೆಗೆ ಒಂದೂ ಇಲ್ಲ."

ಮರುದಿನ ಬೆಳಿಗ್ಗೆ ಅವನು ಕಚೇರಿಗೆ ಹೊರಡುವ ಮುಂಚೆಯೇ ಅಳತೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. ಒಳಗೆ ಹಳೆಯ ಲಕೋಟೆಗಳಿಂದ ಚೀಟಿ ಸಮೇತ ಕತ್ತರಿಸಿದ ನಲವತ್ತು ಕಾಗದದ ಮೂಲೆಗಳು.

"ಇವನ್ನ ನೀರಲ್ಲಿ ನೆನೆಸಿ, ಲಕೋಟೆಯಿಂದ ಬಿಡಿಸಿ, ಒಣಗಿಸಿಕೊಡಿ. ಬೇರೆ ಯಾರ ಕೈಗೂ ಕೊಡೋಕೆ ಧೈರ್ಯ ಬರಲಿಲ್ಲ. ಭಾನುವಾರ ಹತ್ತು ಗಂಟೆಗೆ ಬರ್ತೀನಿ. ಹಾಗೇ ತಮ್ಮ ಸಂಗ್ರಹಾನೂ ನೋಡಿದ ಹಾಗಾಗುತ್ತೆ." ಎರಡು ಮೆಟ್ಟಿಲು ಇಳಿದವರು ತಿರುಗಿ ನೋಡಿದರು. "ಒಂದೂ ಸುರುಟಬಾರದು."

ರವಾನೆಪ್ಪ ಡಬ್ಬಿ ಹಿಡಿದುಕೊಂಡು ಒಳಗೆ ಬಂದು ಕೂತ.

"ಅಂಟಿಸೋದು ಬಿಟ್ರೆ ನಿಮಗೇನು ಗೊತ್ತು?" ಎಂದಳು ಹೆಂಡತಿ.

"ಅಂಟಿಸೋದು ಗೊತ್ತಿದ್ದವನಿಗೆ ಬಿಡಿಸೋದೇನು ಮಹಾ? ಅದನ್ನೇ ಹಿಂದುಮುಂದಾಗಿ ಮಾಡಿದ್ರಾಯ್ತು" ಎಂದ ರವಾನೆಪ್ಪ. ಬಾವಿಗೆ ಬೀಳುವುದು ಗೊತ್ತಿದ್ದವನಿಗೆ ಮೇಲೆ ಬರುವುದೇನು ಮಹಾ ಎಂದ ಹಾಗಾಯಿತು.

ಒಂದು ವಿವೇಕದ ಕೆಲಸವನ್ನು ಮಾತ್ರ ಅವನು ಮಾಡಿದ. ಬೀಗರ ಚೀಟಿಗೆ ಕೈ ಹಾಕುವ ಮೊದಲು ಬೇರೆ ಚೀಟಿಗಳ ಮೇಲೆ ಕೈ ಪಳಗಿಸಬೇಕೆಂದು ತೀರ್ಮಾನಿಸಿದ. ಕಚೇರಿಗೆ ಬಂದ ಲಕೋಟೆಗಳು ಒಡೆದ ಮೇಲೆ ಕಸದ ಬುಟ್ಟಿಗೆ ಬೀಳುತ್ತಿದ್ದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ರವಾನೆಪ್ಪ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚೀಟಿ ಇದ್ದ ಮೂಲೆಗಳನ್ನೆಲ್ಲ ಹರಿದು ಜೇಬಿಗೆ ತುಂಬಿದ. ಕಚೇರಿಯಲ್ಲಿ ಕಡತವೇ ಕಳೆದುಹೋದರೂ ಯಾರಿಗೂ ಕಾಣುವುದಿಲ್ಲ. ಕಸ ಎತ್ತಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಜವಾನ ಬಾಗಿಲ ಸಂದಿಯಿಂದ ನೋಡಿಕೊಂಡು ಹೋದ.

ಆ ಸಂಜೆ ರವಾನೆಪ್ಪ ಕುದಿಯುವ ನೀರಿಗೆ ಮೂಲೆಗಳನ್ನು ಸುರಿದ. ಚೀಟಿಗಳು ಬೇಗನೆ ಬಿಟ್ಟವು. ಗೆದ್ದೆ ಎಂದುಕೊಂಡು ಅವನ್ನು ಹಾಸಿಗೆಯ ಮೇಲೆ ಹರವಿ ಫ್ಯಾನನ್ನು ಜೋರಾಗಿ ತಿರುಗಿಸಿದ. ಹತ್ತು ನಿಮಿಷದಲ್ಲಿ ಅವು ಬಡಗಿ ಮರ ಹೆರೆಯುವಾಗ ಉದುರುವ ಸಿಪ್ಪೆಯ ಹಾಗೆ ಸುರುಳಿ ಸುತ್ತಿಕೊಂಡವು. ಮತ್ತೈದು ನಿಮಿಷದಲ್ಲಿ ಕೆಲವು ಉರುಳುತ್ತ ಹೋಗಿ ಕಿಟಕಿಯಿಂದ ಹೊರಗೆ ಹಾರಿದವು.

ಕೆಳಗಿನ ಮನೆಯ ಮುಂಭಾಗದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅಕ್ಕ ಮೂರು ಚೀಟಿಗಳನ್ನು ಬಾಚಣಿಗೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಇವು ನಿಮ್ಮವಾ ಅಣ್ಣಾ? ನನ್ನ ಗಿರಾಕಿ ತಲೆ ಮೇಲೆ ಬಂದು ಕೂತಿದ್ವು. ಹೊಸ ಥರದ ಕ್ಲಿಪ್ಪು ಅಂತ ಅವರು ಇನ್ನೆರಡು ಕೇಳಿದ್ರು."

ವಿಷಯ ತಿಳಿದ ಮೇಲೆ ಅವಳು ನಕ್ಕಳು. "ಇಷ್ಟಕ್ಕೆ ಯೋಚನೆ ಯಾಕೆ? ನನ್ನ ಹತ್ರ ಕೂದಲು ನೆಟ್ಟಗೆ ಮಾಡೋ ಯಂತ್ರ ಇದೆ. ಎಂಥೆಂಥ ಗುಂಗುರನ್ನೋ ಬಗ್ಗಿಸಿದ್ದೀನಿ, ಈ ಚೋಟುದ್ದದ್ದು ಯಾವ ಲೆಕ್ಕ?"

ಕಾದ ಎರಡು ತುಟಿಯ ಆ ಯಂತ್ರದ ನಡುವೆ ಮೊದಲ ಚೀಟಿಯನ್ನು ಸಿಕ್ಕಿಸಿದರು. ಚುಂಯ್ ಎಂದಿತು. ಹೊರಗೆ ತೆಗೆದಾಗ ಚೀಟಿಯೇನೋ ನೆಟ್ಟಗಿತ್ತು, ಆದರೆ ಅದರಲ್ಲಿದ್ದ ಹಡಗು ಹೊತ್ತಿ ಉರಿದು ದಡ ಸೇರಿದ ಹಾಗೆ ಕಾಣುತ್ತಿತ್ತು.

"ಕೂದಲಾಗಿದ್ರೆ ಸ್ವಲ್ಪ ಎಣ್ಣೆ ಹಚ್ಚಿ ಸರಿ ಮಾಡಬಹುದಿತ್ತು" ಎಂದಳು ಅಕ್ಕ, ಮರುಕದಿಂದ.

ಎರಡನೆಯ ಪ್ರಯೋಗ ಮಂಗಳವಾರ ನಡೆಯಿತು. ಈ ಸಲ ರವಾನೆಪ್ಪ ಒದ್ದೆ ಚೀಟಿಗಳನ್ನು ಆ ದಿನದ ಪತ್ರಿಕೆಯ ಪುಟಗಳ ನಡುವೆ ಇಟ್ಟು, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಹೊಲಿಗೆ ಯಂತ್ರ, ಯಂತ್ರದ ಮೇಲೆ ಹೆಂಡತಿಯ ಟ್ರಂಕು ಹೇರಿದ. ಬುಧವಾರ ಇಳಿಸಿ ನೋಡಿದರೆ ಚೀಟಿಗಳು ಸುರುಟಿರಲಿಲ್ಲ, ನಿಜ. ಅರ್ಧ ಚೀಟಿಗಳು ಪತ್ರಿಕೆಗೆ ಅಂಟಿಕೊಂಡಿದ್ದವು. ಮಿಕ್ಕವಕ್ಕೆ ಪತ್ರಿಕೆಯ ಮಸಿ ಹತ್ತಿತ್ತು. ಒಂದು ಚೀಟಿಯಲ್ಲಿ ಗಂಭೀರವಾಗಿ ಕೂತಿದ್ದ ಮೀಸೆಯ ಮಹನೀಯರ ಹಣೆಯ ಮೇಲೆ "ಬಾಡಿಗೆಗೆ ಇದೆ" ಎಂಬ ಮಾತು ತಿರುಗುಮುರುಗಾಗಿ ಅಚ್ಚಾಗಿತ್ತು.

ಗುರುವಾರ ಅವನು ಅಂಚೆ ಕಚೇರಿಗೇ ಹೋದ. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆಯ ಕಡೆ ಬಾಗಿ, ಹಿಂದಿನವರಿಗೆ ತನ್ನ ಅಜ್ಞಾನ ಕೇಳದಿರಲೆಂದು ಪಿಸುಗುಟ್ಟಿದ: "ಮೇಡಂ, ಅಂಟಿಸಿದ ಚೀಟೀನ, ಅಂಟಿಸಿದ್ದ ಗುರುತೇ ಸಿಗದ ಹಾಗೆ ಬಿಡಿಸೋದು ಹೇಗೆ?"

ಗುಮಾಸ್ತೆ ಕನ್ನಡಕದ ಮೇಲಿನಿಂದ ನೋಡಿದಳು. "ಎಲ್ಲಿ ಕೆಲಸ ನಿಮಗೆ?"

ರವಾನೆಪ್ಪ ಕಚೇರಿಯ ಹೆಸರು ಹೇಳಿದ. ರವಾನೆ ವಿಭಾಗ ಎಂದೂ ಸೇರಿಸಿದ. ಅವಳು ಅದನ್ನು ಒಂದು ಚೂರು ಕಾಗದದ ಮೇಲೆ ಬರೆದುಕೊಂಡಳು. ಮಾಹಿತಿ ಪುಸ್ತಕ ಕಳಿಸುತ್ತಾಳೆ ಎಂದುಕೊಂಡು ರವಾನೆಪ್ಪ ಕೈಮುಗಿದು ಬಂದ.

ಶುಕ್ರವಾರ ಬೆಳಿಗ್ಗೆ ಮೇಲ್ವಿಚಾರಕರು ಕರೆಸಿದರು. ಮೂವತ್ತು ವರ್ಷದಲ್ಲಿ ಅವನನ್ನು ಆ ಕೋಣೆಗೆ ಕರೆಸಿದ್ದು ಎರಡನೇ ಸಲ. ಮೊದಲನೆಯದು ತಪ್ಪಾಗಿ ಕರೆದದ್ದು.

"ಭಾನುವಾರ ಮನೇಲಿರ್ತೀರಾ?" ಎಂದರು ಮೇಲ್ವಿಚಾರಕರು.

"ಇರ್ತೀನಿ ಸಾರ್."

"ಹತ್ತು ಗಂಟೆ ಹೊತ್ತಿಗೆ ಬರ್ತೀನಿ. ಸ್ವಲ್ಪ ನೋಡೋದಿದೆ."

ಬಡ್ತಿ ಕೊಡುವ ಮುಂಚೆ ಮನೆ ಮಠ ನೋಡುವ ಪದ್ಧತಿ ಹೊಸದಾಗಿ ಬಂದಿರಬೇಕು ಎಂದು ರವಾನೆಪ್ಪ ತಿಳಿದುಕೊಂಡ. ಮನುಷ್ಯನಿಗೆ ಕೇಡುಗಾಲ ಬಂದಾಗ ಬುದ್ಧಿ ಇಂಥ ಸಮಾಧಾನಗಳನ್ನೇ ಹುಡುಕಿ ತರುತ್ತದೆ.

ಅದೇ ಮಧ್ಯಾಹ್ನ ಕಚೇರಿಯ ಹಳೆಯ ದಾಖಲೆ ಪುಸ್ತಕಗಳನ್ನು ರಟ್ಟು ಕಟ್ಟಿಸಲು ಒಯ್ಯಬೇಕಾಯಿತು. ಕಚೇರಿಯ ಹಿಂದಿನ ಓಣಿಯಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವ ಮುದುಕಿಯೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ರಟ್ಟಜ್ಜಿ. ಬೆರಳ ತುದಿಯಲ್ಲಿ ಯಾವಾಗಲೂ ಅಂಟು, ನಾಲಿಗೆಯಲ್ಲಿ ಯಾವಾಗಲೂ ಮೊಳೆ.

ರವಾನೆಪ್ಪ ಹೊರೆ ಇಳಿಸಿ, ಜೇಬಿನಿಂದ ಒಂದು ಸುರುಟಿದ ಚೀಟಿ ತೆಗೆದು ತೋರಿಸಿದ. "ಅಜ್ಜೀ, ಇದು ಯಾಕೆ ಹೀಗಾಗುತ್ತೆ?"

ರಟ್ಟಜ್ಜಿ ಚೀಟಿಯ ಬೆನ್ನನ್ನು ನಾಲಿಗೆಯ ತುದಿಗೆ ತಾಗಿಸಿದಳು. "ಗೋಂದು ಹಾಗೇ ಇದೆಯಲ್ಲೋ. ಅರ್ಧಂಬರ್ಧ ಸ್ನಾನ ಮಾಡಿಸಿದ್ದೀಯ. ಬೆನ್ನಿನ ಗೋಂದು ಒಣಗ್ತಾ ಬಿಗಿಯುತ್ತೆ, ಮುಖದ ಕಡೆ ಗೋಂದಿಲ್ಲ. ಒಂದು ಕಡೆಯವರು ಮಾತ್ರ ಎಳೆದ್ರೆ ಸಂಸಾರವೇ ನೆಟ್ಟಗಿರಲ್ಲ, ಕಾಗದ ಇರುತ್ತಾ?"

"ಮತ್ತೆ ಏನು ಮಾಡೋದು?"

"ತಣ್ಣೀರಲ್ಲಿ ಹಾಕು. ನೀನು ಬಿಡಿಸಬೇಡ, ಅದೇ ಬಿಡುತ್ತೆ. ಬಿಟ್ಟ ಮೇಲೆ ಬೇರೆ ನೀರಲ್ಲಿ ಹಾಕಿ ಬೆನ್ನನ್ನ ಬೆರಳಲ್ಲಿ ಸವರು. ಜಾರೋವರೆಗೆ ಗೋಂದಿದೆ ಅಂತ ಅರ್ಥ. ಜಾರೋದು ನಿಂತ್ಮೇಲೆ ಎತ್ತು. ಬ್ಲಾಟಿಂಗ್ ಪೇಪರ್ ಮೇಲೆ ಮುಖ ಕೆಳಗೆ ಮಾಡಿ ಮಲಗಿಸು. ಪೂರ್ತಿ ಒಣಗೋಕೆ ಬಿಡಬೇಡ, ಸ್ವಲ್ಪ ತಂಪಿರುವಾಗಲೇ ಇನ್ನೆರಡು ಒಣ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಭಾರ ಹೇರು. ಆಮೇಲೆ ಎರಡು ದಿನ ಆ ಕಡೆ ತಲೆ ಹಾಕಬೇಡ."

"ಅಷ್ಟೇನಾ?"

"ಬಣ್ಣದ ಲಕೋಟೆ ಇದ್ರೆ ಬೇರೆ ತಟ್ಟೆ. ಕೆಂಪು ಬಣ್ಣ ನೀರಿಗೆ ಬಿಟ್ಟರೆ ಊರನ್ನೆಲ್ಲ ಮದುವೆಗೆ ಕರೆಯುತ್ತೆ. ಒಣಗಿದ ಮೇಲೆ ಆಲ್ಬಮ್ಮಿಗೆ ಹಾಕಿ ನೆಟ್ಟಗೆ ನಿಲ್ಲಿಸು, ತೀರ ಒತ್ತೊತ್ತಾಗಿ ಬೇಡ, ಬಚ್ಚಲ ಗೋಡೆ ಹತ್ರ ಅಂತೂ ಬೇಡವೇ ಬೇಡ." ಅವಳು ಒಂದು ದಸ್ತು ಬ್ಲಾಟಿಂಗ್ ಪೇಪರನ್ನು ಅವನ ಕಂಕುಳಿಗೆ ತುರುಕಿದಳು. "ಮೂವತ್ತು ವರ್ಷ ಅಂಟಿಸಿದ್ದೀಯಂತೆ. ಅಂಟು ಅಂದ್ರೇನು ಅಂತ ಇವತ್ತು ಕೇಳ್ತಾ ಇದ್ದೀಯ."

ರವಾನೆಪ್ಪನಿಗೆ ವಾರದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಸಂಜೆ ಮನೆಗೆ ಬಂದು ಬಾಗಿಲು ತೆಗೆದ.

ಊಟದ ಮೇಜಿನ ಮೇಲೆ ಬಟ್ಟೆ ನೆನೆಸುವ ದೊಡ್ಡ ಬೇಸಿನ್ನು. ಅದರ ತುಂಬ ನೀರು. ನೀರಿನ ಮೇಲೆ ಬೀಗರ ನಲವತ್ತು ಮೂಲೆಗಳು ಬಾತುಕೋಳಿಗಳ ಹಾಗೆ ತೇಲುತ್ತಿದ್ದವು.

"ನೀವು ಯೋಚನೆ ಮಾಡ್ತಾ ಕೂತ್ರೆ ಮಗಳಿಗೆ ಅರವತ್ತಾಗುತ್ತೆ" ಎಂದಳು ಹೆಂಡತಿ. "ನಾನೇ ಹಾಕಿದೆ."

"ಬಿಸಿನೀರಾ?"

"ಗ್ಯಾಸ್ ಮುಗಿದಿತ್ತು. ತಣ್ಣೀರು."

ಮುಗಿದ ಗ್ಯಾಸಿಗೆ ರವಾನೆಪ್ಪ ಮನಸ್ಸಿನಲ್ಲೇ ನಮಸ್ಕಾರ ಮಾಡಿದ. ಅಷ್ಟರಲ್ಲಿ ನೀರಿನ ಒಂದು ಅಂಚು ಗುಲಾಬಿಯಾಗುತ್ತಿರುವುದು ಕಂಡಿತು. ಒಂದು ಮೂಲೆ ಕೆಂಪು ಲಕೋಟೆಯದು. ಅವನು ಚೀಲ ಎಸೆದು, ತೋಳು ಮಡಿಸುವುದನ್ನೂ ಮರೆತು, ಕೈ ಅದ್ದಿ ಆ ಮೂಲೆಯನ್ನು ಎತ್ತಿದ. ಅದರ ಚೀಟಿಯಲ್ಲಿ ಒಂದು ಬಿಳಿ ಹಕ್ಕಿ ಇತ್ತು. ಇತ್ತು ಎಂದೇ ಹೇಳಬೇಕು, ಏಕೆಂದರೆ ಈಗ ಅದು ನಾಚಿಕೊಂಡ ಹಕ್ಕಿಯಾಗಿತ್ತು.

ಮಿಕ್ಕ ಮೂವತ್ತೊಂಬತ್ತು ಪಾರಾದವು. ಗಂಡ ಹೆಂಡತಿ ಇಬ್ಬರೂ ಎದುರುಬದುರು ಕೂತು ಒಂದೊಂದೇ ಚೀಟಿಯ ಬೆನ್ನು ಸವರಿದರು. ಜಾರುತ್ತಿದೆ ಎಂದು ಅವಳು, ನಿಂತಿತು ಎಂದು ಅವನು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಇಬ್ಬರೂ ಜಗಳವಿಲ್ಲದೆ ಜೊತೆಯಾಗಿ ಮಾಡಿದ ಮೊದಲ ಕೆಲಸ ಇದಿರಬೇಕು. ಮುಖ ಕೆಳಗೆ ಮಾಡಿ ಮಲಗಿಸಿ, ತಂಪು ಆರುವ ಮುಂಚೆ ಒಣ ಕಾಗದದ ನಡುವೆ ಇಟ್ಟು, ಹೊಲಿಗೆ ಯಂತ್ರ ಹೇರಿದರು. ಶನಿವಾರವಿಡೀ ಅವನು ಆ ಕಡೆ ತಲೆ ಹಾಕಲಿಲ್ಲ. ಹೆಂಡತಿ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದಳು.

ಭಾನುವಾರ ಹತ್ತಕ್ಕೆ ಅಳತೆ ಸಾಹೇಬರು ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಒಂದು. ಅವರು ಚಪ್ಪಲಿ ಬಿಡುತ್ತಿದ್ದ ಹಾಗೆ ಹಿಂದಿನಿಂದಲೇ ಮೇಲ್ವಿಚಾರಕರೂ ಮೆಟ್ಟಿಲು ಹತ್ತಿದರು. ರವಾನೆಪ್ಪ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ. ಒಬ್ಬರಿಂದ ಸಂಬಂಧ, ಇನ್ನೊಬ್ಬರಿಂದ ಬಡ್ತಿ. ಭಾಗ್ಯ ಜೋಡಿಯಾಗಿ ಬಂದಿದೆ ಎಂದು ಅವನ ಎಣಿಕೆ.

ಹೆಂಡತಿ ಕೀಲಿ ತೆಗೆದಳು. ಇಬ್ಬರೂ ಹೊಲಿಗೆ ಯಂತ್ರ ಇಳಿಸಿ, ಬ್ಲಾಟಿಂಗ್ ಪೇಪರ್ ಸಮೇತ ಹಲಗೆಯನ್ನು ತಂದು ಮೇಜಿನ ಮೇಲಿಟ್ಟರು. ರವಾನೆಪ್ಪ ಮೇಲಿನ ಕಾಗದ ಸರಿಸಿದ. ನಲವತ್ತು ಚೀಟಿಗಳು ಇಸ್ತ್ರಿ ಹಾಕಿದ ಹಾಗೆ ಸಪಾಟಾಗಿ ಮಲಗಿದ್ದವು.

ಅಳತೆ ಸಾಹೇಬರು ಮಾತಾಡುವ ಮುಂಚೆ ಮೇಲ್ವಿಚಾರಕರು ಎದ್ದು ನಿಂತರು.

"ಹಾಗಾದ್ರೆ ನಿಜ" ಎಂದರು ಅವರು. "ಜವಾನ ಹೇಳಿದಾಗ ನಂಬಲಿಲ್ಲ. ಅಂಚೆ ಕಚೇರಿಯಿಂದ ಫೋನ್ ಬಂದಾಗಲೂ ನಂಬಲಿಲ್ಲ. ಬಳಸಿದ ಚೀಟಿ ಬಿಡಿಸಿ, ತಿರುಗಿ ಅಂಟಿಸಿ ಕಳಿಸ್ತಾ ಇದ್ದೀರಾ? ರವಾನೆ ವಿಭಾಗದಲ್ಲಿ ಕೂತುಕೊಂಡು?"

ಹೆಂಡತಿ ಗೋಡೆ ಹಿಡಿದುಕೊಂಡಳು. ಅಳತೆ ಸಾಹೇಬರು ಹುಬ್ಬು ಗಂಟಿಕ್ಕಿ ಮೇಲ್ವಿಚಾರಕರ ಉದ್ದ ಅಗಲ ನೋಡಿದರು.

"ಏನು ಮಾತಾಡ್ತಾ ಇದ್ದೀರಿ? ಅವರು ಮೂವತ್ತು ವರ್ಷದ ಸಂಗ್ರಹಕಾರರು."

"ಸಂಗ್ರಹಕಾರರಾ? ಇವರು ಮೂವತ್ತು ವರ್ಷದಿಂದ ನಮ್ಮಲ್ಲಿ ಚೀಟಿ ಅಂಟಿಸ್ತಾ ಇರೋರು. ಸಂಗ್ರಹ ಇದ್ರೆ ತೋರಿಸಲಿ, ಈಗಲೇ ಹೊರಟುಹೋಗ್ತೀನಿ. ಇಲ್ಲದಿದ್ರೆ ಕಚೇರಿಯ ಬುಟ್ಟಿಯಿಂದ ಹರಿದುಕೊಂಡದ್ದು ಯಾಕೆ ಅಂತ ಹೇಳಲಿ."

ಇಲ್ಲಿ ರವಾನೆಪ್ಪನ ಸ್ಥಿತಿಯನ್ನು ಸ್ವಲ್ಪ ನಿಂತು ನೋಡಬೇಕು. ಸಂಗ್ರಹವಿದೆ ಎಂದರೆ ತೋರಿಸಲು ಇಲ್ಲ. ಇಲ್ಲವೆಂದರೆ ಬೀಗರು ಎದ್ದು ಹೋಗುತ್ತಾರೆ. ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ಮೂರು ದಾರಿಯನ್ನೂ ನೋಡಿ, ಅವನು ಯಾರ ಮುಖವನ್ನೂ ನೋಡದೆ ಬಾಯಿಬಿಟ್ಟ.

"ಸಂಗ್ರಹ ಇಲ್ಲ. ಇವತ್ತಿನವರೆಗೆ ಒಂದು ಚೀಟೀನೂ ಕೂಡಿಟ್ಟವನಲ್ಲ ನಾನು. ಅವತ್ತು ಮಾತು ನಿಂತುಹೋಗಿತ್ತು, ಅದಕ್ಕೆ ಹಾಗಂದುಬಿಟ್ಟೆ. ಇವು ಇವರ ಚೀಟಿ. ಹಾಳಾಗಬಾರದು ಅಂತ ಬುಟ್ಟೀದನ್ನ ತಂದು ಕಲಿತೆ. ಅದರ ಗತಿ ನೋಡಿ ಬೇಕಾದ್ರೆ."

ಒಳಗೆ ಹೋಗಿ ಒಂದು ಹಳೆಯ ಚಹಾ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದ. ಸುರುಟಿದ್ದು, ಹರಿದದ್ದು, ಸುಟ್ಟ ಹಡಗು, ಬಾಡಿಗೆಗೆ ಇರುವ ಮಹನೀಯರು ಎಲ್ಲ ಹೊರಗೆ ಬಿದ್ದವು.

ಮೇಲ್ವಿಚಾರಕರು ಒಂದೊಂದನ್ನೇ ಎತ್ತಿ ನೋಡಿದರು. ಮಹನೀಯರನ್ನು ಕನ್ನಡಿಯ ಮುಂದೆ ಹಿಡಿದು ಓದಿದರು. ಓದುತ್ತಿದ್ದ ಹಾಗೆ ಮೇಲ್ವಿಚಾರಕರ ಸ್ವಂತ ಮೀಸೆ ನಗುವಿಗೆ ಅಲುಗತೊಡಗಿತು.

"ಇದನ್ನ ಅಂಟಿಸಿ ಕಳಿಸಿದ್ರೆ ಕಾಗದ ಹೋಗಲ್ಲ, ಬಾಡಿಗೆ ಕೇಳ್ಕೊಂಡು ಜನ ಬರ್ತಾರೆ" ಎಂದರು. ನಲವತ್ತು ಚೀಟಿಗಳ ಮೇಲಿದ್ದ ಹಳೆಯ ಮುದ್ರೆಗಳನ್ನೂ ಬಗ್ಗಿ ನೋಡಿದರು. ಒಂದೂ ಇಪ್ಪತ್ತು ವರ್ಷಕ್ಕಿಂತ ಈಚಿನದಲ್ಲ. "ತಪ್ಪು ತಿಳಿದೆ, ಮನಸ್ಸಿಗೆ ತಗೋಬೇಡಿ. ಬುಟ್ಟೀದು ಬೇಕಿದ್ರೆ ಇನ್ಮೇಲೆ ಕೇಳಿ ತಗೊಳ್ಳಿ."

ಚಹಾ ಕುಡಿದು ಅವರು ಇಳಿದುಹೋದರು. ಬಡ್ತಿಯ ವಿಷಯ ಬರಲಿಲ್ಲ. ಕೆಲಸ ಉಳಿದದ್ದೇ ಬಡ್ತಿ ಎಂದು ರವಾನೆಪ್ಪನಿಗೆ ಅನ್ನಿಸಿತು.

ಅಳತೆ ಸಾಹೇಬರು ಬಗ್ಗಿ ಚೀಟಿಗಳನ್ನೇ ನೋಡುತ್ತಿದ್ದರು. ಹಕ್ಕಿಯ ಹತ್ತಿರ ಬೆರಳು ನಿಂತಿತು.

"ಇದು ಬಿಳಿ ಇತ್ತು."

"ಹೌದು. ಕೆಂಪು ಲಕೋಟೆ. ತಡವಾಯ್ತು." ರವಾನೆಪ್ಪ ತಲೆ ತಗ್ಗಿಸಿದ. "ತಪ್ಪಾಯ್ತು. ಸುಳ್ಳು ಹೇಳಿದ್ದೂ ತಪ್ಪು. ಮಕ್ಕಳದೇನೂ ತಪ್ಪಿಲ್ಲ."

ಅಳತೆ ಸಾಹೇಬರು ಕಂಕುಳಲ್ಲಿದ್ದ ಗಂಟು ಬಿಚ್ಚಿದರು. ಒಳಗೆ ದಪ್ಪ ಆಲ್ಬಮ್ಮು. ಅದರ ರಟ್ಟು ಮುಚ್ಚುತ್ತಲೇ ಇರಲಿಲ್ಲ, ಏನನ್ನೋ ತಿಂದು ಹೊಟ್ಟೆ ಉಬ್ಬಿದ ಹಾಗಿತ್ತು. ತೆರೆದರು. ಪುಟಪುಟದಲ್ಲೂ ಚೀಟಿಗಳು ಸುರುಳಿ ಸುತ್ತಿ, ತಲೆ ಎತ್ತಿ, ಒಂದರ ಮೇಲೊಂದು ಬಿದ್ದುಕೊಂಡಿದ್ದವು.

"ನಲವತ್ತು ವರ್ಷ" ಎಂದರು. "ಒಂದೂ ನೆಟ್ಟಗೆ ಕೂತಿಲ್ಲ. ಭೂಮಿ ಅಳೆದವನಿಗೆ ಇಷ್ಟು ಗೊತ್ತಿಲ್ವಾ ಅಂತಾರೆ ಅಂತ ಯಾರಿಗೂ ತೋರಿಸಿಲ್ಲ. ತಾವು ದೊಡ್ಡ ಸಂಗ್ರಹಕಾರರು ಅಂದಾಗ ನನಗೆ ಒಂದು ವಾರ ಊಟ ಸೇರಲಿಲ್ಲ. ಇದನ್ನ ನೋಡಿ ನಗ್ತೀರಿ ಅಂತ."

ರವಾನೆಪ್ಪ ತಲೆ ಎತ್ತಿದ.

"ಆ ಬಿಸ್ಕತ್ತಿನ ಡಬ್ಬೀದನ್ನ ಮಾತ್ರ ನಾನು ನೆನೆಸೋಕೆ ಹೋಗಿರಲಿಲ್ಲ. ನಾನು ಅಳತೆ ಕೆಲಸಕ್ಕೆ ಅಂತ ತಿಂಗಳುಗಟ್ಟಲೆ ಹೊರಗಡೆ ಇರ್ತಿದ್ದೆ. ಆಗ ನಮ್ಮನೆಯವಳು ಬರೆದ ಕಾಗದಗಳವು. ಉಳಿದವನ್ನ ಹಾಳು ಮಾಡಿದ ಹಾಗೆ ಇವನ್ನೂ ಮಾಡಿಬಿಡ್ತೀನೇನೋ ಅನ್ನೋ ಭಯ." ಅವರು ಗುಲಾಬಿ ಹಕ್ಕಿಯನ್ನು ಜೇಬಿನ ಪುಟ್ಟ ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಕೆಂಪು ಲಕೋಟೆ ಒಂದೇ ಸಲ ಕಳಿಸಿದ್ದಳು. ಮಗ ಹುಟ್ಟಿದ ಸುದ್ದಿ. ಇದಕ್ಕೆ ಈ ಬಣ್ಣವೇ ಸರಿ."

ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎರಡನೇ ಸಲ ಚಹಾಕ್ಕೆ ನೀರಿಡಲು ಹೋದಳು. ಗ್ಯಾಸು ಬಂದಿತ್ತು.

"ಆಲ್ಬಮ್ ಎಲ್ಲಿಡ್ತೀರಿ?" ಎಂದು ರವಾನೆಪ್ಪ ಕೇಳಿದ.

"ಬಚ್ಚಲ ಪಕ್ಕದ ಕಪಾಟಲ್ಲಿ. ಮಲಗಿಸಿ, ಮೇಲೆ ಪುಸ್ತಕ ಹೇರಿ."

"ತೊಂದರೆ ಅಲ್ಲೇ ಇರೋದು. ಬೆನ್ನಲ್ಲಿ ಗೋಂದು ಉಳಿದಿದೆ, ಗೋಡೆಯ ತೇವ ಬೇರೆ ಎಳೆದುಕೊಂಡಿದೆ. ಎಲ್ಲ ತಿರುಗಿ ನೆನೆಸೋಣ. ಆಮೇಲೆ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ನನ್ನ ಬುದ್ಧಿ ಅಲ್ಲ ಇದು, ರಟ್ಟಜ್ಜಿ ಹೇಳಿದ್ದು."

ಮಧ್ಯಾಹ್ನ ಮಗಳೂ ಹುಡುಗನೂ ಉಸಿರು ಬಿಗಿಹಿಡಿದುಕೊಂಡು ಬಂದಾಗ ಇಬ್ಬರು ಅಪ್ಪಂದಿರು ತೋಳು ಮಡಿಸಿ ಒಂದೇ ಬೇಸಿನ್ನಿನ ಎರಡು ಬದಿಯಲ್ಲಿ ಕೂತಿದ್ದರು. ಹುಡುಗ ಬಾಗಿಲಲ್ಲೇ ನಿಂತು "ಅಪ್ಪಾ, ಏನಾಯ್ತು?" ಎಂದ. ಅಳತೆ ಸಾಹೇಬರು ಚೀಟಿಯ ಬೆನ್ನಿನಿಂದ ಬೆರಳು ತೆಗೆಯದೆ, "ಹೂಂ" ಎಂದರು. ಅವರದು ಅಷ್ಟೇ ಮಾತು. ಅಷ್ಟಕ್ಕೇ ಮಗಳು ಅಡುಗೆಮನೆಗೆ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡಳು.

ನಾಲ್ಕು ದಿನ ಬಿಟ್ಟು ಅಳತೆ ಸಾಹೇಬರ ಫೋನು ಬಂತು.

"ಬೀಗರೇ, ಒಂದು ದೊಡ್ಡ ಚೀಟಿ ನೆನೆಸಿ ಎರಡು ಗಂಟೆ ಆಯ್ತು. ಬಿಡ್ತಾನೇ ಇಲ್ಲ. ಬೆನ್ನಲ್ಲಿರೋದು ಗೋಂದಲ್ಲ, ಏನೋ ಹೊಸ ಥರದ ಅಂಟು. ಏನು ಮಾಡ್ಲಿ?"

ಹಿಂದಿನ ರವಾನೆಪ್ಪನಾಗಿದ್ದರೆ ಇಷ್ಟರಲ್ಲಿ ಮೂರು ಉಪಾಯ ಹೇಳಿ, ನಾಲ್ಕನೆಯದಕ್ಕೆ ಗಂಟಲು ಸರಿಪಡಿಸಿಕೊಳ್ಳುತ್ತಿದ್ದ.

"ಗೊತ್ತಿಲ್ಲ" ಎಂದ. ಹೇಳಿದ ಮೇಲೆ ಅದು ಎಷ್ಟು ಹಗುರವಾದ ಮಾತೆಂದು ತಿಳಿದು, ಇನ್ನೊಂದು ಸಲ ಹೇಳಿದ. "ನನಗೆ ಖಂಡಿತ ಗೊತ್ತಿಲ್ಲ ಬೀಗರೇ."

"ನನಗೂ ಗೊತ್ತಿಲ್ಲ" ಎಂದರು ಅಳತೆ ಸಾಹೇಬರು, ಬಲು ಸಂತೋಷದಿಂದ.

"ಏನಂತೆ ಅವರಿಗೆ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ಏನಿಲ್ಲ ಕಣೇ. ಇಬ್ಬರಿಗೂ ಗೊತ್ತಿಲ್ಲ" ಎಂದು ರವಾನೆಪ್ಪ ಚಪ್ಪಲಿ ಮೆಟ್ಟಿಕೊಂಡು ರಟ್ಟಜ್ಜಿಯ ಅಂಗಡಿಗೆ ಹೊರಟ.